1972ರ ಅಂಬಾಸಿಡರ್ ಆಯಿಲ್ ಸೋರುತ್ತಿದೆ, ಹಿಂದಿನ ಸೀಲ್ ಹೋಗಿದೆ ಅಂತಾರೆ. ಎಂಜಿನ್ ಇಳಿಸಬೇಕಾ, ಲೀಕ್ ನಿಲ್ಲಿಸೋ ಆಯಿಲ್ ಹಾಕಿ ನೋಡಬಹುದಾ?

ಎರಡೂ ಬೇಡ. ಹಿಂದಿನ ಸೀಲ್ ಹೋಗೋದಕ್ಕೆ ಅಲ್ಲಿ ಸೀಲೇ ಇಲ್ಲ.

ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚಿರೋ ಕವಚ) ಕೆಳಗೆ ಬೆಳಗಾಗುವಷ್ಟರಲ್ಲಿ ಅಂಗೈಯಗಲ ಕಲೆ, ಮೆಕ್ಯಾನಿಕ್ ಬಗ್ಗಿ ನೋಡಿದ ತಕ್ಷಣ "ಎಂಜಿನ್ ಇಳಿಸಬೇಕು ಸಾರ್" ಅಂದದ್ದು, ನೀವು ಬರೆದಿರುವ ಒಂದೊಂದು ಸಾಲೂ ನಮ್ಮ 1969ರ ಮಾರ್ಕ್ 2 ಕಥೆಯೇ. ಆ ಗಾಡಿಯ ಎಂಜಿನ್ ಇಳಿಸಿದೆವು. ಕ್ಲಚ್, ಫ್ಲೈವೀಲ್ ಬಿಚ್ಚಿ, ಹೊಸ ಮೇನ್ ಬೇರಿಂಗ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್, ಅಂದರೆ ಕ್ರ್ಯಾಂಕನ್ನು, ಹೊತ್ತಿರೋದು) ಹಾಕಿ, ಲೇತಿನವರಿಗೆ ಕೊಟ್ಟದ್ದೂ ಸೇರಿ 22,000 ರೂಪಾಯಿ, ಮೂರು ವಾರ. ಮತ್ತೆ ಕೂರಿಸಿ ನಲವತ್ತು ಕಿಲೋಮೀಟರ್ ಓಡಿಸುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಕಲೆ.

ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ದುಡ್ಡು ಹೋದದ್ದು ಇಲ್ಲೇ.

ಈ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್, ಮೂರು ಮೇನ್ ಬೇರಿಂಗಿನದು. ಕ್ರ್ಯಾಂಕಿನ ಹಿಂತುದಿಯಲ್ಲಿ ರಬ್ಬರ್ ಸೀಲ್ ಬದಲು ಆಯಿಲ್ ಚಿಮ್ಮಿಸುವ ಒಂದು ಅಂಚು, ಅದರ ಹಿಂದೆ ಉಲ್ಟಾ ಥ್ರೆಡ್ ಕೊರೆದಿರುತ್ತದೆ. ಕ್ರ್ಯಾಂಕ್ ತಿರುಗುವಾಗ ಆ ಥ್ರೆಡ್ ಹೊರಬರೋ ಆಯಿಲನ್ನು ಒಳಕ್ಕೇ ದೂಡುತ್ತದೆ. ಅದು ಯಾವುದಕ್ಕೂ ತಾಗುವುದಿಲ್ಲ, ಸುತ್ತ ಕೂದಲೆಳೆಯಷ್ಟು ಸಂದು ಇರಲೇಬೇಕು. ಹಾಗಾಗಿ ಎಂಜಿನ್ ನಿಲ್ಲಿಸಿದ ಮೇಲೆ ನಾಲ್ಕಾರು ಹನಿ ಬಿದ್ದರೆ ಅದು ರೋಗವಲ್ಲ, ಆ ಎಂಜಿನ್ನಿನ ಸ್ವಭಾವ.

ಆದರೆ ಚೇಂಬರಿನೊಳಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಒತ್ತಡ ಕಟ್ಟಿಕೊಂಡರೆ ಥ್ರೆಡ್ ಎಷ್ಟು ಒಳಕ್ಕೆ ದೂಡಿದರೂ ಗಾಳಿ ಅದೇ ಸಂದಿನಿಂದ ಆಯಿಲನ್ನು ಹೊರಕ್ಕೆ ಊದುತ್ತದೆ. ನಮ್ಮ ಗಾಡಿಯಲ್ಲಿ ಆದದ್ದು ಇದೇ. ಮುಂದಿನ ಸೈಡ್ ಕವರಿನಿಂದ ಕೆಳಗಿಳಿಯೋ ಬ್ರೀದರ್ ಪೈಪಿನಲ್ಲಿ (ಎಂಜಿನ್ ಒಳಗಿನ ಒತ್ತಡ ಹೊರಹೋಗೋ ದಾರಿ) ಮಡ್ಡಿ ಗಟ್ಟಿಯಾಗಿ, ತಂತಿ ತೂರಿಸಿದರೂ ಆ ಕಡೆ ಬರಲಿಲ್ಲ. ಜೊತೆಗೆ ಹಿಂದಿನ ಸೈಡ್ ಕವರಿನ ಕಾರ್ಕ್ ಪ್ಯಾಕಿಂಗ್ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ಈ ಸೈಡ್ ಕವರಿಗೆ ಟ್ಯಾಪೆಟ್ ಕವರ್ ಅಂತಲೂ ಹೆಸರು, ಆದರೆ ಗ್ಯಾರೇಜಿನಲ್ಲಿ ಹಾಗಂದರೆ ಎಲ್ಲರೂ ಎಂಜಿನ್ ತಲೆ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್, ಅಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಅದಲ್ಲ, ಬ್ಲಾಕಿನ ಪಕ್ಕಕ್ಕೆ, ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ತರೋ, ಹೊಗೆ ಒಯ್ಯೋ ಪೈಪುಗಳು) ಕೆಳಗೆ ಅಡಗಿರೋ ಎರಡು ತಗಡಿನ ಕವರ್. ಅಲ್ಲಿಂದ ಜಿನುಗಿದ ಆಯಿಲ್ ಬ್ಲಾಕ್ ಮೇಲೆ ಹರಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹೋಗಿ, ಬೆಲ್ ಹೌಸಿಂಗ್ ತಳದಿಂದ ತೊಟ್ಟಿಕ್ಕುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಕ್ರ್ಯಾಂಕ್ ಸೋರಿದ ಹಾಗೇ ಕಾಣುತ್ತದೆ.

ಇನ್ನೂ ದೊಡ್ಡ ತಪ್ಪು ಇದು: ಎಂಜಿನ್ ಇಳಿಸಿದ ದಿನವೇ, ಯಾರೂ ಟಾರ್ಚ್ ಬಿಟ್ಟು ನೋಡುವ ಮೊದಲೇ, ಸೀಮೆಎಣ್ಣೆ ಹಾಕಿ ತಿಕ್ಕಿ ತೊಳೆದೆವು. ಸೈಡ್ ಕವರಿನಿಂದ ಇಳಿದಿದ್ದ ಕಪ್ಪು ಜಾಡು ಅಲ್ಲಿಗೆ ಅಳಿಸಿಹೋಯಿತು. ಕವರ್ ಒಣಗಿ ಚೆನ್ನಾಗಿ ಕಂಡಿತು, ಬಿಚ್ಚದೆ ಹಾಗೇ ಕೂರಿಸಿದೆವು. ತೊಳೆಯಬೇಕಿದ್ದದ್ದು ಎಂಜಿನ್ ಗಾಡಿಯಲ್ಲಿದ್ದಾಗ, ಇಳಿಸುವ ಮಾತು ಬರುವುದಕ್ಕೂ ಮೊದಲು.

ಹಾಗಾಗಿ ನೀವು ಮೊದಲು ಬ್ರೀದರ್ ನೋಡಿ. ಎಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿಟ್ಟು ಆಯಿಲ್ ತುಂಬೋ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯಿರಿ. ಸಣ್ಣಗೆ ಉಸಿರಾಡಿದ ಹಾಗಿದ್ದರೆ ಸರಿ. ಬುಸುಬುಸು ಅಂತ ಹೊಗೆ ಸಮೇತ ತಳ್ಳಿದರೆ ಬ್ಯಾಕ್ ಕಂಪ್ರೆಶನ್ ಇದೆ, ಅಂದರೆ ಪಿಸ್ಟನ್ ರಿಂಗ್ ಸವೆದು ಉರಿದ ಗಾಳಿ ಕೆಳಕ್ಕೆ ನುಗ್ಗುತ್ತಿದೆ, ಆಗ ಯಾವ ಪ್ಯಾಕಿಂಗ್ ಹಾಕಿದರೂ ನಿಲ್ಲುವುದಿಲ್ಲ. ಬ್ರೀದರ್ ಪೈಪನ್ನೂ, ರಾಕರ್ ಕವರಿನಿಂದ ಏರ್ ಕ್ಲೀನರಿಗೆ ಹೋಗೋ ಹೋಸನ್ನೂ ಬಿಚ್ಚಿ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಂತಿಯಿಂದ ಕೆರೆದು, ಬಾಯಿಂದ ಊದಿದರೆ ಸಲೀಸಾಗಿ ಗಾಳಿ ಹೋಗೋವರೆಗೆ ಬಿಡಬೇಡಿ.

ಆಮೇಲೆ ಡಿಸ್ಟ್ರಿಬ್ಯೂಟರ್, ಡೈನಮೊಗೆ ಪ್ಲಾಸ್ಟಿಕ್ ಕಟ್ಟಿ, ತಣ್ಣಗಿರೋ ಎಂಜಿನ್ನನ್ನು ಮೇಲಿಂದ ಕೆಳಗೆ ತೊಳೆದು ಪೂರ್ತಿ ಒಣಗಿಸಿ. ಸೈಡ್ ಕವರ್, ಚೇಂಬರ್ ಅಂಚು, ಟೈಮಿಂಗ್ ಕವರ್ (ಎಂಜಿನ್ ಮುಂಭಾಗದ ಮುಚ್ಚಳ) ಸುತ್ತ ಟಾಲ್ಕಂ ಪೌಡರ್ ಉದುರಿಸಿ ಹದಿನೈದು ನಿಮಿಷ ಐಡಲ್. ನೋಡಿ. ಆಮೇಲೆ ಹತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಬಿಳಿ ಪುಡಿಯ ಮೇಲೆ ಮೊದಲ ಕಪ್ಪು ಗೆರೆ ಎಲ್ಲಿ ಶುರುವಾಗಿದೆಯೋ ಅದೇ ಜಾಗ. ಆಯಿಲ್ ಯಾವಾಗಲೂ ಕೆಳಕ್ಕೆ, ಹಿಂದಕ್ಕೆ ಹೋಗುತ್ತೆ, ನೀವು ಮೇಲಕ್ಕೆ, ಮುಂದಕ್ಕೆ ಹುಡುಕಿ. ಗೇರ್‌ಬಾಕ್ಸಿನ ಲೆವೆಲ್ ಕೂಡ ಅಳೆದಿಟ್ಟುಕೊಳ್ಳಿ, ಅದರ ಆಯಿಲೂ ಬೆಲ್ ಹೌಸಿಂಗಿನಿಂದಲೇ ತೊಟ್ಟಿಕ್ಕಬಹುದು.

ಸೈಡ್ ಕವರ್ ಬಿಚ್ಚಲು ಕಾರ್ಬುರೇಟರ್, ಮ್ಯಾನಿಫೋಲ್ಡ್ ತೆಗೆದುಬಿಡುವುದೇ ವಾಸಿ. ಕವರಿಗೆ ಮಧ್ಯದಲ್ಲಿ ಒಂದೇ ಬೋಲ್ಟ್. ಸೋರಿದಾಗಲೆಲ್ಲ ಯಾರೋ ಅದನ್ನು ಬಿಗಿದಿರುತ್ತಾರೆ, ತಗಡು ಮಧ್ಯಕ್ಕೆ ಕುಸಿದು ಅಂಚು ಮೇಲೆದ್ದಿರುತ್ತದೆ. ಗಾಜಿನ ಮೇಲಿಟ್ಟು ನೋಡಿದರೆ ಸಂದು ಕಾಣುತ್ತದೆ. ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕಾರ್ಕ್ ಕುಗ್ಗಿರುತ್ತದೆ, ಎಳೆದು ಹೊಂದಿಸಲು ಹೋಗಬೇಡಿ, ಅರ್ಧ ಗಂಟೆ ಉಗುರುಬೆಚ್ಚಗಿನ ನೀರಲ್ಲಿಟ್ಟರೆ ಅಳತೆಗೆ ಬರುತ್ತದೆ. ಒರೆಸಿ, ಕವರಿನ ಕಡೆಗೆ ಮಾತ್ರ ಶೆಲಾಕ್ (ಅರಗಿನ ಅಂಟು) ಹಚ್ಚಿ ಅಂಟಿಸಿ, ಬ್ಲಾಕಿನ ಕಡೆ ಒಣಗಿರಲಿ. ಬೋಲ್ಟಿನ ವಾಷರ್ ಹೊಸದು ಹಾಕಿ, ಅಲ್ಲಿಂದಲೂ ಜಿನುಗುತ್ತದೆ. ಬೆರಳ ಬಲದಲ್ಲಿ ಬಿಗಿದು, ಸ್ಪ್ಯಾನರಿನಲ್ಲಿ ಒಂದು ಸಣ್ಣ ತಿರುವು, ಅಷ್ಟೇ. ರಾಕರ್ ಕವರ್ ನಟ್ಟಿಗೆ 4 ಫುಟ್-ಪೌಂಡ್ (ಬಿಗಿತದ ಅಳತೆ), ಚೇಂಬರ್ ಬೋಲ್ಟಿಗೆ 6 ಸಾಕು. ಮೊಣಕೈ ಬಲ ಹಾಕುವ ಜಾಗ ಇದರಲ್ಲಿ ಒಂದೂ ಇಲ್ಲ.

ಸಿಲಿಕಾನ್ ಪೇಸ್ಟನ್ನು ಟೂತ್‌ಪೇಸ್ಟಿನ ಹಾಗೆ ಬಳಿಯಬೇಡಿ. ಒಳಕ್ಕೆ ಹಿಂಡಿದ ಭಾಗ ಉದುರಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ.

ಜಾಡು ಮುಂದಿನ ಪುಲ್ಲಿಯಿಂದ ಶುರುವಾಗಿದ್ದರೆ ಟೈಮಿಂಗ್ ಕವರಿನ ಸೀಲ್. ಕವರನ್ನು ಸಡಿಲವಾಗಿ ಇಟ್ಟು, ಪುಲ್ಲಿ ತೂರಿಸಿ, ಸೀಲ್ ನಡುಮಧ್ಯಕ್ಕೆ ಕೂತ ಮೇಲೆ ಕವರ್ ಬೋಲ್ಟ್ ಬಿಗಿಯಿರಿ. ಮೊದಲೇ ಬಿಗಿದರೆ ಸೀಲ್ ಒಂದು ಕಡೆ ವಾಲಿ ಹೊಸದೂ ಸೋರುತ್ತದೆ.

ಲೀಕ್ ನಿಲ್ಲಿಸೋ ಆಯಿಲ್ ಕೇಳಿದಿರಿ. ಅದು ಗಟ್ಟಿಯಾದ ರಬ್ಬರನ್ನು ಉಬ್ಬಿಸಿ ಕೆಲಸ ಮಾಡುವಂಥದ್ದು. ನಿಮ್ಮ ಎಂಜಿನ್ ಹಿಂದೆ ಉಬ್ಬಲು ರಬ್ಬರೇ ಇಲ್ಲ. 20ಡಬ್ಲ್ಯೂ-50 ದಪ್ಪದ ಎಂಜಿನ್ ಆಯಿಲ್ ಹಾಕಿ, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟಿಸಬೇಡಿ.

ಇಷ್ಟೆಲ್ಲ ಮಾಡಿಯೂ ಬೆಲ್ ಹೌಸಿಂಗಿನಿಂದ ಧಾರೆ ನಿಲ್ಲದೆ, ಬಿಸಿಯಾದಾಗ ಆಯಿಲ್ ಪ್ರೆಶರ್ ಬಿದ್ದು, ಕ್ಲಚ್ಚೂ ಜಾರುತ್ತಿದ್ದರೆ ಹಿಂದಿನ ಮೇನ್ ಬೇರಿಂಗ್ ಸವೆದು ಆ ಸಂದು ದೊಡ್ಡದಾಗಿದೆ ಅಂತ ಅರ್ಥ. ಆಗ ಮಾತ್ರ ಎಂಜಿನ್ ಇಳಿಸಿ. ಇಳಿಸಿದರೆ ತೊಳೆಯೋದಕ್ಕೆ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಬೆಲ್ ಹೌಸಿಂಗ್ ತಳದ ತೂತಿನಲ್ಲಿ ನೇತಾಡೋ ಸ್ಪ್ಲಿಟ್ ಪಿನ್ ಇದ್ದರೆ ಅದನ್ನು ಕಿತ್ತು ತೂತಿಗೆ ಪೇಸ್ಟ್ ತುಂಬಲು ಬಿಡಬೇಡಿ. ಅದು ಅಲ್ಲಾಡುತ್ತಾ ತೂತು ಕಟ್ಟದ ಹಾಗೆ ನೋಡಿಕೊಳ್ಳಲು ಇರುವುದು. ಮುಚ್ಚಿದರೆ ಆ ಆಯಿಲೆಲ್ಲ ಕ್ಲಚ್ ಪ್ಲೇಟಿಗೆ.