ಮನೆಯಲ್ಲಿ ಮಾಡಿದ ಸೇಸಾನ್ ಬಿಯರನ್ನು ಡ್ಯುಪಾಂಟ್ ಜತೆಗಿಟ್ಟು ರುಚಿ ನೋಡುವುದು ಹೇಗೆ?

ನೀವು ಬರೆದಿರುವುದು ಇಷ್ಟು: ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್‌ನ ಮನೆಯಲ್ಲಿ ವೈಯೀಸ್ಟ್ ಕಂಪನಿಯ 3724 ಎಂಬ ಯೀಸ್ಟ್ ಹಾಕಿ 20 ಲೀಟರ್ ಸೇಸಾನ್ (ಬೆಲ್ಜಿಯಂ ಮೂಲದ, ಸಿಹಿ ಉಳಿಯದ ಏಲ್ ಬಿಯರ್) ಮಾಡಿದ್ದೀರಿ. ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ; ಸಕ್ಕರೆ ಹುದುಗಿದಂತೆ ಇಳಿಯುತ್ತದೆ) 1.054ರಿಂದ 1.012ಕ್ಕೆ ಇಳಿದು ನಿಂತಾಗ ಬಾಟಲಿಗೆ ತುಂಬಿದ್ದೀರಿ, ಮೂರು ವಾರವಾಗಿದೆ. ಬೆಲ್ಜಿಯಂನ ಹೆಸರಾಂತ ಬಿಯರ್ ಸೇಸಾನ್ ಡ್ಯುಪಾಂಟ್ ಪಕ್ಕದಲ್ಲಿ ನಿಮ್ಮದು ಸಿಹಿಯಾಗಿ, ಭಾರವಾಗಿ ಅನಿಸುತ್ತಿದೆ. ಮೆಣಸು, ಕೊತ್ತಂಬರಿ ಬೀಜ ಹಾಕಬೇಕಿತ್ತೇ ಎಂದು ಕೇಳಿದ್ದೀರಿ.

ಬೇಡ. ಡ್ಯುಪಾಂಟ್‌ನಲ್ಲಿ ಸಿಗುವ ಕಾಳುಮೆಣಸಿನ ಘಮ ಯೀಸ್ಟ್ ಕೊಟ್ಟದ್ದು. ನಿಮ್ಮಲ್ಲಿ ಕೊರತೆಯಾಗಿರುವುದು ಮಸಾಲೆಯಲ್ಲ; ಸಕ್ಕರೆ ಉಳಿದುಬಿಟ್ಟಿದೆ, ಪ್ರಾಯಶಃ ಗ್ಯಾಸೂ ಸಾಲದು. ಇವೆರಡನ್ನು ಬೇರ್ಪಡಿಸಿ ನೋಡಿದರೆ ಮಾತ್ರ ಹೋಲಿಕೆಯಿಂದ ಏನಾದರೂ ಕಲಿಯಬಹುದು.

ಅದಕ್ಕೂ ಮೊದಲು ಒಂದು ಎಚ್ಚರಿಕೆ. 3724 ನಡುವೆ ಸುಮ್ಮನೆ ನಿಂತು, ವಾರಗಳ ನಂತರ ಮತ್ತೆ ಶುರುವಾಗುವ ಯೀಸ್ಟ್. ಸಾಮಾನ್ಯ ಏಲ್ ಯೀಸ್ಟುಗಳು ಮುಟ್ಟದ ಡೆಕ್ಸ್ಟ್ರಿನ್ನನ್ನೂ (ಪಿಷ್ಟ ಒಡೆದಾಗ ಉಳಿಯುವ ಸಕ್ಕರೆಯ ಉದ್ದ ಸರಪಳಿ) ಇದು ಒಡೆದು ತಿನ್ನುತ್ತದೆ. ಮುಚ್ಚಿದ ಬಾಟಲಿಯಲ್ಲಿ ಗ್ರ್ಯಾವಿಟಿ ಒಂದು ಪಾಯಿಂಟ್ (0.001) ಇಳಿದರೆ ಸುಮಾರು ಅರ್ಧ ವಾಲ್ಯೂಮ್, ಅಂದರೆ ಬಿಯರಿನ ಅರ್ಧದಷ್ಟು ಗಾತ್ರದ ಗ್ಯಾಸ್ ಹುಟ್ಟುತ್ತದೆ. 1.012ರಿಂದ 1.004ಕ್ಕೆ ಇಳಿಯಿತೆಂದರೆ ನಾಲ್ಕು ವಾಲ್ಯೂಮ್, ಗ್ಯಾಸಿಗೆಂದು ಬಾಟಲಿ ತುಂಬುವಾಗ ನೀವು ಹಾಕಿದ ಪ್ರೈಮಿಂಗ್ ಸಕ್ಕರೆಯದು ಬೇರೆ. ಸಾಮಾನ್ಯ ಬಿಯರ್ ಬಾಟಲಿ ಅದನ್ನು ತಡೆಯುವುದಿಲ್ಲ, ಸಿಡಿಯುತ್ತದೆ. ಇವತ್ತೇ ಎಲ್ಲ ಬಾಟಲಿಗಳನ್ನು ಫ್ರಿಜ್‌ಗೆ ಇಡಿ. ಮುಟ್ಟುವಾಗ ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಬಟ್ಟೆ ಇರಲಿ.

ಇನ್ನು ರುಚಿ ನೋಡುವುದು. ಎರಡೂ ಬಾಟಲಿಗಳನ್ನು ಎರಡು ಮೂರು ದಿನ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಗಷ್ಟು ತಳಕ್ಕೆ ಗಟ್ಟಿಯಾಗಿ ಕೂರಬೇಕು. ಡ್ಯುಪಾಂಟ್ ಕೂಡ ಬಾಟಲಿಯಲ್ಲೇ ಮತ್ತೆ ಹುದುಗಿದ ಬಿಯರ್, ಅದರಲ್ಲೂ ಗಷ್ಟು ಇರುತ್ತದೆ. ಒಂದು ಲೋಟಕ್ಕೆ ಗಷ್ಟು ಬಿದ್ದು ಇನ್ನೊಂದಕ್ಕೆ ಬೀಳದಿದ್ದರೆ ನೀವು ಹೋಲಿಸುತ್ತಿರುವುದು ಯೀಸ್ಟಿನ ರುಚಿಯನ್ನು. ಎರಡನ್ನೂ 10 ಡಿಗ್ರಿಗೆ ತನ್ನಿ. 4 ಡಿಗ್ರಿಯಲ್ಲಿ ಘಮ ಮೇಲೇಳುವುದೇ ಇಲ್ಲ. ಒಂದೇ ಆಕಾರದ ವೈನ್ ಗ್ಲಾಸ್ ಬಳಸಿ, ಸೋಪಿನ ಅಂಶ ಉಳಿಯದಂತೆ ತೊಳೆಯಿರಿ, ಇಲ್ಲದಿದ್ದರೆ ನೊರೆ ನಿಲ್ಲದು. ನಂಚಿಕೊಳ್ಳಲು ಬರೀ ಬ್ರೆಡ್ ಮತ್ತು ನೀರು ಸಾಕು. ಖಾರದ ಮಿಕ್ಸ್ಚರ್ ತಿಂದ ನಾಲಿಗೆಗೆ ಯೀಸ್ಟಿನ ಮೆಣಸು ಗೊತ್ತಾಗುವುದಿಲ್ಲ.

ಮೊದಲು ಎರಡನ್ನೂ ಮೂಸಿ, ಬರೆದುಕೊಳ್ಳಿ. ಆಮೇಲೆ ಡ್ಯುಪಾಂಟ್, ನಿಮ್ಮದು. ಸ್ವಲ್ಪ ಬಿಟ್ಟು ನಿಮ್ಮದು, ಡ್ಯುಪಾಂಟ್. ಈ ಹಿಂದುಮುಂದು ಮುಖ್ಯ, ಏಕೆಂದರೆ ಸಿಹಿಯ ನಂತರ ಕುಡಿದ ಬಿಯರ್ ಇರುವುದಕ್ಕಿಂತ ತೆಳ್ಳಗೆ, ಕಹಿಯಾಗಿ ತೋರುತ್ತದೆ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಇದರ ನಂತರದ್ದು. ಎರಡರಿಂದಲೂ 200 ಮಿ.ಲೀ. ತೆಗೆದು, ಕಾಫಿ ಆರಿಸುವಂತೆ ಒಂದು ಲೋಟದಿಂದ ಇನ್ನೊಂದಕ್ಕೆ ಇಪ್ಪತ್ತು ಮೂವತ್ತು ಸಲ ಎತ್ತಿ ಹೊಯ್ದು ಗ್ಯಾಸ್ ಪೂರ್ತಿ ಬಿಡಿಸಿ. 20 ಡಿಗ್ರಿಗೆ ತಂದು ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ಬಿಡಿ. ಗ್ಯಾಸ್ ಉಳಿದಿದ್ದರೆ ಗುಳ್ಳೆಗಳು ಹೈಡ್ರೋಮೀಟರನ್ನು ಮೇಲೆತ್ತಿ ಹೆಚ್ಚಿನ ಅಂಕಿ ತೋರಿಸುತ್ತವೆ. ಡ್ಯುಪಾಂಟ್‌ಗೆ ಬಂದ ಅಂಕಿಯೇ ನಿಮ್ಮ ಗುರಿ. ಅದರ ಆಲ್ಕೋಹಾಲ್ ಶೇ. 6.5, 1.054ರಿಂದ ಶುರುಮಾಡಿದವರು ಅಷ್ಟು ಮುಟ್ಟಬೇಕಾದರೆ 1.004ರ ಹತ್ತಿರ ಇಳಿಯಲೇಬೇಕು. 1.012ರಲ್ಲಿ ನಿಂತ ನಿಮ್ಮದು ಶೇ. 5.5 ಅಷ್ಟೇ. ಈಗ ಈ ಗ್ಯಾಸಿಲ್ಲದ ಬಿಯರುಗಳ ರುಚಿ ನೋಡಿ. ಸಿಹಿಯ ಅಂತರ ಹಾಗೇ ಇದ್ದರೆ ತಪ್ಪು ಹುದುಗಿನಲ್ಲಿ. ಅಂತರ ಕಿರಿದಾದರೆ ತಪ್ಪಿನ ದೊಡ್ಡ ಪಾಲು ಗ್ಯಾಸಿನದು.

ಡ್ಯುಪಾಂಟ್‌ನಲ್ಲಿರುವುದೆಲ್ಲ ಅನುಕರಿಸಬೇಕಾದ ಗುಣವೇ ಅಂದುಕೊಳ್ಳಬೇಡಿ. ಅದು ಹೆಚ್ಚಾಗಿ ಹಸಿರು ಬಾಟಲಿಯಲ್ಲಿ ಬರುತ್ತದೆ. ಹಸಿರು ಗಾಜು ಬೆಳಕನ್ನು ಸರಿಯಾಗಿ ತಡೆಯುವುದಿಲ್ಲ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಬೆಳಕಿಗೆ ಒಡೆದು ಗಂಧಕದ ಕಟುವಾಸನೆ ಹುಟ್ಟುತ್ತದೆ. ಆ ವಾಸನೆ ಗುರುತಿಸಲು ಕಲಿಯಬೇಕಿದ್ದರೆ ಅರ್ಧ ಗ್ಲಾಸ್ ಡ್ಯುಪಾಂಟನ್ನು ಹತ್ತು ನಿಮಿಷ ಬಿಸಿಲಲ್ಲಿಟ್ಟು ಮೂಸಿ. ಅಂಗಡಿಯಲ್ಲಿ ಕಿಟಕಿ ಪಕ್ಕದ ಬಾಟಲಿ ಬಿಟ್ಟು, ರಟ್ಟಿನ ಪೆಟ್ಟಿಗೆಯೊಳಗಿನದನ್ನು ಕೇಳಿ ತನ್ನಿ.

ನಿಮ್ಮದರಲ್ಲಿ ಲವಂಗ, ಮೆಣಸು ಬಂದರೆ ಸರಿ. ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಬಂದರೆ ಕ್ಲೋರಿನ್ ಸೇರಿದೆ. ನೆದರ್ಲ್ಯಾಂಡ್ಸ್‌ನ ನಲ್ಲಿ ನೀರಿಗೆ ಸಾಮಾನ್ಯವಾಗಿ ಕ್ಲೋರಿನ್ ಹಾಕುವುದಿಲ್ಲವಾದ್ದರಿಂದ ಪಾತ್ರೆ ತೊಳೆದ ಬ್ಲೀಚ್ ಮೇಲೆ ಅನುಮಾನಪಡಿ. ಒದ್ದೆ ರಟ್ಟಿನ ರುಚಿ ಬಂದರೆ ತುಂಬುವಾಗ ಗಾಳಿ ಸೇರಿದೆ.

ಮುಂದಿನ ಸಲಕ್ಕೆ 20 ಲೀಟರಿನ ಲೆಕ್ಕ: ಪಿಲ್ಸ್‌ನರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 4.3 ಕೆ.ಜಿ., ಸಕ್ಕರೆ 300 ಗ್ರಾಂ, ಮ್ಯಾಶ್ (ಮಾಲ್ಟನ್ನು ಬಿಸಿನೀರಲ್ಲಿ ನೆನೆಸುವುದು) 65 ಡಿಗ್ರಿಯಲ್ಲಿ 90 ನಿಮಿಷ. ಹಾಪ್ಸ್‌ನಲ್ಲಿ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 50 ಗ್ರಾಂ ಒಂದು ಗಂಟೆ ಕುದಿಯಲಿ, ಕೊನೆಯಲ್ಲಿ ಸ್ಟೈರಿಯನ್ ಗೋಲ್ಡಿಂಗ್ಸ್ 20 ಗ್ರಾಂ. ಯೀಸ್ಟನ್ನು 21 ಡಿಗ್ರಿಗೆ ಹಾಕಿ, ಮೂರು ನಾಲ್ಕು ದಿನದಲ್ಲಿ 30ಕ್ಕೆ ಏರಿಸಿ, ಅಲ್ಲೇ ಹಿಡಿದಿಡಿ. ನಿಮ್ಮ ಮನೆಯ 19 ಡಿಗ್ರಿಯಲ್ಲಿ ಇದು ತಾನಾಗಿ ಆಗುವುದಿಲ್ಲ. ಪಾತ್ರೆಗೆ ಸುತ್ತಿ ಬಿಸಿ ಮಾಡುವ ಹೀಟ್ ಬೆಲ್ಟ್ ಬೇಕು. 1.030ರ ಆಸುಪಾಸಿನಲ್ಲಿ ನಿಂತರೆ ಗಾಬರಿಯಾಗದೆ ಬಿಸಿ ಕಾಯ್ದುಕೊಳ್ಳಿ. ಶುರುವಿನ ದಿನಗಳಲ್ಲಿ ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಮುಚ್ಚಳ) ಬದಲು ಬರೀ ಫಾಯಿಲ್ ಮುಚ್ಚಿದರೆ ಒತ್ತಡ ಕಡಿಮೆಯಾಗಿ ಈ ಯೀಸ್ಟ್ ಅಷ್ಟು ತಡವರಿಸುವುದಿಲ್ಲ ಎಂಬುದು ಹಲವರ ಅನುಭವ. ಒಂದು ವಾರದ ಅಂತರದಲ್ಲಿ ಎರಡು ಸಲ ಅಳೆದಾಗಲೂ 1.005ಕ್ಕಿಂತ ಕೆಳಗೆ ಒಂದೇ ಅಂಕಿ ಬಂದ ಮೇಲೆಯೇ ಬಾಟಲಿಗೆ ತುಂಬಿ. ಲೀಟರಿಗೆ 9 ಗ್ರಾಂ ಸಕ್ಕರೆ ಹಾಕಿದರೆ ಸುಮಾರು 3 ವಾಲ್ಯೂಮ್ ಗ್ಯಾಸ್ ಬರುತ್ತದೆ. ಷಾಂಪೇನ್ ಬಾಟಲಿಯಂಥ ದಪ್ಪ ಗಾಜೇ ಆಗಬೇಕು.

ಆಗ ನಿಮ್ಮದಕ್ಕೂ ಡ್ಯುಪಾಂಟ್‌ಗೂ ಅಂತರ ಸೂಕ್ಷ್ಮವಾಗಿರುತ್ತದೆ. ಮೂರು ಸ್ಟೀಲ್ ಲೋಟಗಳಲ್ಲಿ 30 ಮಿ.ಲೀ. ಹಾಕಿಸಿಕೊಳ್ಳಿ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಕಣ್ಣು ಮುಚ್ಚಿ ಬೇರೆಯದನ್ನು ಹುಡುಕಿ. ಆರು ಸಲದಲ್ಲಿ ಐದು ಸಲ ಸಿಕ್ಕರೆ ವ್ಯತ್ಯಾಸ ನಿಜವಾಗಿಯೂ ಇದೆ; ನಾಲ್ಕು ಸಲ ಸಿಕ್ಕರೆ ಅದು ಅದೃಷ್ಟವೂ ಇರಬಹುದು.