ಗರ್ಭಕಂಠದ ಕ್ಯಾನ್ಸರ್‌ಗೆ ನ್ಯಾನೊ ಔಷಧ: ಕಾಯಬಹುದೇ?

ಪ್ರಶ್ನೆ: ನಮ್ಮ ಅತ್ತಿಗೆಯವರ ಗರ್ಭಕಂಠದ ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೊಥೆರಪಿ ಔಷಧ ಕೊಡಬೇಕೆಂದು ಬೆಂಗಳೂರಿನ ವೈದ್ಯರು ಹೇಳಿದ್ದಾರೆ. ಅಡ್ಡಪರಿಣಾಮವಿಲ್ಲದ ನ್ಯಾನೊ ಔಷಧ ಬಂದಿದೆಯಂತೆ. ಅದಕ್ಕಾಗಿ ಕಾಯಬಹುದೇ?
– ಓದುಗರೊಬ್ಬರು, ಅರಸೀಕೆರೆ, ಹಾಸನ ಜಿಲ್ಲೆ

ಉತ್ತರ: ದಯವಿಟ್ಟು ಕಾಯಬೇಡಿ. ಸಿಸ್‌ಪ್ಲಾಟಿನ್ ರಕ್ತದೊಡನೆ ಇಡೀ ದೇಹವನ್ನು ಸುತ್ತುವುದರಿಂದ ಮೂತ್ರಪಿಂಡ, ನರ ಹಾಗೂ ಕಿವಿಗಳಿಗೂ ಪೆಟ್ಟು ಕೊಡಬಲ್ಲದು. ಔಷಧ ಕೊಡುವ ದಿನ ಸಲೈನ್ ಏರಿಸುವುದು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷಿಸುವುದು ಅದಕ್ಕಾಗಿಯೇ. ಇದೇ ಔಷಧವನ್ನು ಸುಮಾರು 100 ನ್ಯಾನೊಮೀಟರ್ ಅಗಲದ ಕೊಬ್ಬಿನ ಗುಳ್ಳೆಯಲ್ಲಿ, ಅಂದರೆ ಲೈಪೊಸೋಮ್‌ನಲ್ಲಿ, ತುಂಬಿ ಕಳುಹಿಸಿದರೆ ಗೆಡ್ಡೆಯ ಸೋರುವ ರಕ್ತನಾಳಗಳ ಮೂಲಕ ಅದು ಅಲ್ಲಿಯೇ ಹೆಚ್ಚಾಗಿ ಇಳಿದು, ನಿಧಾನವಾಗಿ ಬಿಡುಗಡೆಯಾಗಬೇಕೆಂಬುದು ಸಂಶೋಧಕರ ಲೆಕ್ಕಾಚಾರ. ಇಲಿಗಳಲ್ಲಿ ಕಂಡಷ್ಟು ಫಲ ಮನುಷ್ಯರಲ್ಲಿ ಕಂಡಿಲ್ಲ, ಏಕೆಂದರೆ ಕಣಗಳ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮಗಳೇ ಹಿಡಿದಿಟ್ಟುಕೊಳ್ಳುತ್ತವೆ. ಗರ್ಭಕಂಠಕ್ಕೆ ನೇರವಾಗಿ ಹಚ್ಚುವ ನ್ಯಾನೊ ಜೆಲ್‌ಗಳ ಪ್ರಯೋಗವೂ ನಡೆದಿದೆ (ನನಗೆ ಹೆಚ್ಚು ಭರವಸೆ ಇರುವುದು ಇದರಲ್ಲಿಯೇ), ಆದರೆ ಅಲ್ಲಿನ ಲೋಳೆ ಕಣಗಳನ್ನು ಹೊರದೂಡುತ್ತದೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೈಪೊಸೋಮ್ ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ಬೇರೆ ಕ್ಯಾನ್ಸರ್‌ಗಳಿಗಾಗಿ ಬಂದದ್ದು.

ಒಳಗಿನಿಂದ ಕೊಡುವ ಬ್ರಾಕಿಥೆರಪಿಯೂ ಸೇರಿ ರೇಡಿಯೇಷನ್ ಸುಮಾರು 8 ವಾರಗಳೊಳಗೆ ಮುಗಿಯಬೇಕು. ಆದ್ದರಿಂದ ಅರಸೀಕೆರೆಯಿಂದ ದಿನವೂ ರೈಲಿನಲ್ಲಿ ಓಡಾಡುವ ಬದಲು ಆಸ್ಪತ್ರೆಯ ಹತ್ತಿರವೇ ತಂಗಲು ಏರ್ಪಾಡು ಮಾಡಿಕೊಳ್ಳಿ.