ಗೋದಾವರಿ, ಕೃಷ್ಣಾ ಮುಖಜಭೂಮಿ (ನದಿಬಾಯಲ್ಲಿ ಹೂಳು ಸೇರಿ ಆಗುವ ನೆಲ, ಡೆಲ್ಟಾ) ಕಟ್ಟುತ್ತವೆ, ಭಾರತದ ಪಶ್ಚಿಮ ಕರಾವಳಿಯ ನದಿಗಳೇಕೆ ಕಟ್ಟುವುದಿಲ್ಲ?

ನದಿಗಳು ಗಿಡ್ಡವಾಗಿರುವುದರಿಂದ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಅರ್ಧ ಉತ್ತರ. ಗೋದಾವರಿ 1,465 ಕಿ.ಮೀ. ಹರಿದು ಬಯಲಿನಲ್ಲಿ ನಿಧಾನವಾಗಿ ಹೂಳು ಇಳಿಸುತ್ತದೆ. ಶರಾವತಿಯ ಉದ್ದ 130 ಕಿ.ಮೀ. ಆಸುಪಾಸು, ಅದರಲ್ಲೂ ಜೋಗದಲ್ಲಿ ಒಂದೇ ಸಲ 253 ಮೀಟರ್ ಧುಮುಕುತ್ತದೆ. ಹೂಳು ಹರಡಿಕೊಳ್ಳಲು ಅಗಲವಾದ ಬಯಲೇ ಇಲ್ಲ.

ಆದರೆ ನರ್ಮದೆ 1,300 ಕಿ.ಮೀ.ಗೂ ಉದ್ದವಿದೆ, ಆದರೂ ಅದರದ್ದು ಅಳಿವೆಯೇ, ಅಂದರೆ ಕಡಲ ನೀರು ಒಳನುಗ್ಗುವ ತೆರೆದ ನದಿಬಾಯಿ! ಖಂಭಾತ್ ಕೊಲ್ಲಿಯ ಭಾರೀ ಉಬ್ಬರವಿಳಿತ ಹೂಳನ್ನು ಬಾಯಲ್ಲಿ ನಿಲ್ಲಲು ಬಿಡುವುದಿಲ್ಲ. ಹಾಗಾಗಿ ನದಿಯಷ್ಟೇ ಕಡಲನ್ನೂ ನೋಡಬೇಕು.

ನಮ್ಮ ಕರ್ನಾಟಕ ಕರಾವಳಿಯ ಕಡೆ ಆ ಕೆಲಸ ಮಳೆಗಾಲದ ಅಲೆಗಳದ್ದು. ಮರಳನ್ನು ದಡದುದ್ದಕ್ಕೂ ಎಳೆದು ನಾಲಿಗೆಯಂಥ ದಿಬ್ಬ ಮಾಡುತ್ತವೆ. ಮಂಗಳೂರಿನ ಬೆಂಗ್ರೆ ಅಂಥದ್ದೇ: ಒಂದು ಪಕ್ಕ ಫಲ್ಗುಣಿ, ಇನ್ನೊಂದು ಪಕ್ಕ ಅರಬ್ಬೀ ಸಮುದ್ರ. ದಿಬ್ಬ ಅಡ್ಡ ಇರುವುದರಿಂದ ನದಿ ದಡಕ್ಕೆ ಸಮಾನಾಂತರವಾಗಿ ಹರಿದು, ನೇತ್ರಾವತಿಯ ಜತೆ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತದೆ. ಮರವಂತೆಯಲ್ಲಿ ಬಸ್ಸಿನ ಎರಡೂ ಕಿಟಕಿಯಲ್ಲಿ ನೀರು ಕಂಡಿದ್ದರೆ, ಸೌಪರ್ಣಿಕೆ ಕಡಲ ಹತ್ತಿರ ಬಂದೂ ಸೇರದೆ ತಿರುಗುವುದನ್ನು ನೀವು ನೋಡಿದ್ದೀರಿ. ಅದು ಸಮುದ್ರ ಸೇರುವುದು ದಕ್ಷಿಣಕ್ಕೆ, ಗಂಗೊಳ್ಳಿಯಲ್ಲಿ.